ಯಂತ್ರದ ಉಸಿರು ಎಲ್ಲಿ ಸೋರುತ್ತದೆ?

(ನಮ್ಮ ಶಾಲೆಯ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ಸಭೆಯಲ್ಲಿ ಯಂತ್ರವೊಂದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ವಿಜ್ಞಾನ ಸಂಘದ ಕಾರ್ಯದರ್ಶಿಯು ಕೇಳಿಕೊಂಡಾಗ ನನಗೆ ಸಂಕೋಚವಾಯಿತು. ನಾನು ಬಿ.ಎ., ಬಿ.ಟಿ. ಮಾಡಿದವನು, ಚರಿತ್ರೆಯನ್ನೂ ಕನ್ನಡವನ್ನೂ ಬೋಧಿಸುತ್ತ ಬಂದವನು. ಯಂತ್ರಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ಒಂದು ಸಣ್ಣ ಎಂಜಿನು ನನಗೆ ಕಲಿಸಿದ ಪಾಠವೊಂದುಂಟು. ಆ ಪಾಠದಲ್ಲಿ ನಾನು ಮೊದಲು ತಪ್ಪು ಉತ್ತರವನ್ನು ಕೊಟ್ಟೆ. ಸರಿಯಾದ ಉತ್ತರದ ಕಡೆಗೆ ನನ್ನನ್ನು ತಿರುಗಿಸಿದವಳು ಇದೇ ಶಾಲೆಯ ಒಬ್ಬ ವಿದ್ಯಾರ್ಥಿನಿ. ತಪ್ಪಿದವನ ಬಾಯಿಂದ ಕೇಳಿದ ಪಾಠ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆಯಿಂದ ಅದನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಕಾಸರಗೋಡು ಸೀಮೆಯ ಅಡಕೆ ಕೃಷಿಕರಿಗೆ ಮೇ ತಿಂಗಳ ಕೊನೆಯೆಂದರೆ ಏನೆಂಬುದನ್ನು ಹೇಳಬೇಕಾದುದಿಲ್ಲ. ಮಳೆಗಾಲ ಹಿಡಿಯುವುದರೊಳಗೆ ಅಡಕೆಯ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸಲೇಬೇಕು. ತಪ್ಪಿದರೆ ಕೊಳೆರೋಗ ತಗಲಿ ಎಳೆಯ ಕಾಯಿಗಳು ಮರದ ಬುಡದಲ್ಲಿ ಉದುರಿ ಬೀಳುತ್ತವೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು ಎಂಬ ಲೆಕ್ಕ ನಮ್ಮ ಮಕ್ಕಳಿಗೆ ಮಗ್ಗಿಯಷ್ಟೇ ಪರಿಚಿತ. ಆ ದ್ರಾವಣವನ್ನು ಮರದ ತುದಿಯವರೆಗೆ ತಳ್ಳುವ ಪಂಪನ್ನು ತಿರುಗಿಸುವುದು ಒಂದು ಪುಟ್ಟ ಪೆಟ್ರೋಲ್ ಎಂಜಿನು. ಅಮೆರಿಕದಲ್ಲಿ ಮನೆಯ ಸುತ್ತಣ ಹುಲ್ಲುಹಾಸನ್ನು ಕತ್ತರಿಸಲು ಜನರು ಮೇಲೆ ಕುಳಿತು ನಡೆಸುವ ಸಣ್ಣ ಟ್ರ್ಯಾಕ್ಟರುಗಳುಂಟು. ಅವುಗಳ ಎಂಜಿನು ನಮ್ಮದಕ್ಕಿಂತ ದೊಡ್ಡದು, ಅದರ ಕೆಲಸವೂ ಬೇರೆ. ಆದರೆ ಒಳಗಣ ರಚನೆಯೂ ಅದಕ್ಕೆ ತಗಲುವ ಕಾಯಿಲೆಗಳೂ ಬಹುಮಟ್ಟಿಗೆ ಒಂದೇ.

ಆ ದಿನ ನಾನು ಪ್ರವೇಶಾತಿಯ ಕೆಲಸದಲ್ಲಿ ಶಾಲೆಯಲ್ಲಿದ್ದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ, ಒಂದು ಎಕರೆಯಷ್ಟು ತೋಟವುಳ್ಳವರು, ಮಗಳೊಂದಿಗೆ ಬಂದರು. ಹೊರಗೆ ನಿಂತಿದ್ದ ಆಟೋರಿಕ್ಷಾದಲ್ಲಿ ಅವರ ಸ್ಪ್ರೇಯರಿನ ಎಂಜಿನು ಇತ್ತು. ಪೇಟೆಯ ಒಂದು ಅಂಗಡಿಯಲ್ಲಿ ಅದನ್ನು ನೋಡಿದವರು, "ಇದಕ್ಕೆ ಕಂಪ್ರೆಶನ್ ಇಲ್ಲ, ಹೊಸದನ್ನು ಕೊಳ್ಳಿ" ಎಂದು ಹೇಳಿ ಕಳುಹಿಸಿದ್ದರು. ಮಂಗಳೂರಿನಲ್ಲಿ ಕಾಲೇಜು ಸೇರಬೇಕಾಗಿದ್ದ ಹಿರಿಯ ಮಗನ ಶುಲ್ಕಕ್ಕೆಂದು ಕೂಡಿಟ್ಟ ಹಣವನ್ನು ಅದಕ್ಕೆ ಹಾಕುವುದೆಂದು ಅವರು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದರು. ಮಾತಿನ ನಡುವೆ ಅವರು ಹೇಳಿದುದಿಷ್ಟು: "ಮಾಷ್ಟ್ರೇ, ತಣ್ಣಗಿರುವಾಗ ಎರಡು ಎಳೆತಕ್ಕೆ ಹಿಡಿಯುತ್ತದೆ. ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಮತ್ತೆ ಆರುವ ತನಕ ಎಷ್ಟು ಎಳೆದರೂ ಇಲ್ಲ."

ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಕತೆಯನ್ನು ಮುಂದುವರಿಸುವ ಮೊದಲು, ಕಂಪ್ರೆಶನ್ ಎಂದರೇನೆಂಬುದನ್ನು ತಿಳಿಯೋಣ. ತಮ್ಮ ಪಾಠಪುಸ್ತಕದ ಸಂಪೀಡನವೆಂಬ ಶಬ್ದವೇ ಅಂಗಡಿಯ ಕಂಪ್ರೆಶನ್. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಕಾರ್ಯರೂಪಕ್ಕೆ ತಂದ ನಾಲ್ಕು ಹೊಡೆತದ ಎಂಜಿನಿನಲ್ಲಿ ಪಿಸ್ಟನ್ ಮೊದಲು ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಸೆಳೆಯುತ್ತದೆ. ಎರಡನೆಯ ಬಾರಿ ಮೇಲೇರಿ ಅದನ್ನು ಅಮುಕುತ್ತದೆ. ಕಿಡಿ ತಗಲಿ ಮಿಶ್ರಣ ಉರಿದಾಗ ಮೂರನೆಯ ಹೊಡೆತದಲ್ಲಿ ಬಲದಿಂದ ಕೆಳಗೆ ತಳ್ಳಲ್ಪಡುತ್ತದೆ. ನಾಲ್ಕನೆಯದರಲ್ಲಿ ಹೊಗೆಯನ್ನು ಹೊರದೂಡುತ್ತದೆ. ಈ ಎರಡನೆಯ ಹೊಡೆತದ ಅಮುಕುವಿಕೆಯೇ ಸಂಪೀಡನ.

ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಪಿಸ್ಟನ್ ಓಡಾಡುವ ಜಾಗ 160 ಘನ ಸೆಂಟಿಮೀಟರು, ಅದು ತುದಿಗೇರಿದಾಗ ಮೇಲೆ ಉಳಿಯುವ ಜಾಗ 23 ಘನ ಸೆಂಟಿಮೀಟರು ಎನ್ನೋಣ. ಆಗ 183 ಘನ ಸೆಂಟಿಮೀಟರು ಮಿಶ್ರಣವು 23ಕ್ಕೆ ಇಳಿಯುತ್ತದೆ, ಎಂದರೆ ಸುಮಾರು ಎಂಟನೆಯ ಒಂದು ಪಾಲಾಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಒತ್ತಡ ಎಂಟು ಮಡಿಯಾಗಬೇಕು. ಆದರೆ ಆ ನಿಯಮ ಉಷ್ಣತೆ ಬದಲಾಗದಿದ್ದಾಗ ಮಾತ್ರ ಅನ್ವಯಿಸುವುದು. ಸೈಕಲ್ ಪಂಪನ್ನು ವೇಗವಾಗಿ ಒತ್ತಿದರೆ ಅದರ ಬುಡ ಬಿಸಿಯಾಗುವುದನ್ನು ತಾವೆಲ್ಲರೂ ಬಲ್ಲಿರಿ. ಹಾಗೆಯೇ ಇಲ್ಲಿಯೂ ಮಿಶ್ರಣ ಬಿಸಿಯಾಗುವುದರಿಂದ, ಸೋರಿಕೆಯಿಲ್ಲದ ಎಂಜಿನಿನಲ್ಲಿ ಒತ್ತಡ ಎಂಟು ಮಡಿಗಿಂತಲೂ ಹೆಚ್ಚಾಗುತ್ತದೆ. ಬಿಸಿಯಾಗಿ ಒತ್ತೊತ್ತಾದ ಮಿಶ್ರಣ ಕಿಡಿಗೆ ಚೆನ್ನಾಗಿ ಉರಿಯುತ್ತದೆ. ಅದು ಎಲ್ಲಿಯಾದರೂ ಸೋರಿಹೋದರೆ ಪೆಟ್ರೋಲೂ ಕಿಡಿಯೂ ಸರಿಯಾಗಿದ್ದರೂ ಎಂಜಿನು ಹಿಡಿಯುವುದಿಲ್ಲ.

ಸೋರುವುದಕ್ಕೆ ಇರುವ ಬಾಗಿಲುಗಳು ಐದು. ಮಿಶ್ರಣವನ್ನು ಒಳಗೆ ಬಿಡುವ ವಾಲ್ವು ಒಂದು. ಹೊಗೆಯನ್ನು ಹೊರಗೆ ಬಿಡುವ ವಾಲ್ವು ಎರಡು. ಪಿಸ್ಟನಿನ ಸುತ್ತ ಬಳೆಗಳಂತಿರುವ ರಿಂಗುಗಳು ಮತ್ತು ಅವು ಉಜ್ಜಿಕೊಂಡು ಓಡಾಡುವ ಸಿಲಿಂಡರಿನ ಗೋಡೆ ಮೂರು. ಸಿಲಿಂಡರಿಗೂ ಅದರ ತಲೆಗೂ ನಡುವಣ ಗ್ಯಾಸ್ಕೆಟ್ ನಾಲ್ಕು. ಸ್ಪಾರ್ಕ್ ಪ್ಲಗ್ಗಿನ ಬುಡ ಐದು. "ಕಂಪ್ರೆಶನ್ ಇಲ್ಲ" ಎಂಬುದು ರೋಗದ ಲಕ್ಷಣವೇ ಹೊರತು ರೋಗದ ಹೆಸರಲ್ಲ. ಜ್ವರ ಬಂದಿದೆ ಎಂದಷ್ಟೇ ಹೇಳಿ ವೈದ್ಯರು ಎದ್ದುಹೋದರೆ ನಾವು ಒಪ್ಪುವೆವೆ? ಯಾವ ಬಾಗಿಲು ತೆರೆದಿದೆಯೆಂದು ತಿಳಿಯದೆ ಮನೆಯನ್ನೇ ಕೆಡವಬಾರದಷ್ಟೆ.

ಹಳ್ಳಿಯ ತೋಟದ ಮನೆಯಲ್ಲಿ ಬೆಳೆದವನಾದ ನನಗೆ ಎಂಜಿನುಗಳ ವಿಷಯದಲ್ಲಿ ಸ್ವಲ್ಪ ಹಮ್ಮು ಇತ್ತು. "ನಾನೊಮ್ಮೆ ನೋಡುತ್ತೇನೆ" ಎಂದು, ಸಮೀಪದಲ್ಲಿ ಕೆಲಸದಂಗಡಿಯನ್ನು ಇಟ್ಟುಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಬಳಿಗೆ ಅವರನ್ನು ಕರೆದೊಯ್ದೆ. ಪ್ಲಗ್ಗಿನ ಜಾಗದಲ್ಲಿ ಒತ್ತಡವನ್ನು ಅಳೆಯುವ ಗೇಜನ್ನು ಕೂರಿಸಿ ಹಗ್ಗವನ್ನು ಎಳೆದೆವು. ಮೋಟಾರು ಸೈಕಲ್ಲುಗಳಲ್ಲಿ ಕಂಡುಬರುವುದರ ಅರ್ಧದಷ್ಟೂ ಮುಳ್ಳು ಏರಲಿಲ್ಲ. ಆಮೇಲೆ ಎಣ್ಣೆಯ ಪರೀಕ್ಷೆಯನ್ನು ಮಾಡಿದೆ. ಪ್ಲಗ್ಗಿನ ತೂತಿನಿಂದ ಸ್ವಲ್ಪ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯುವುದು ಆ ಪರೀಕ್ಷೆಯ ಕ್ರಮ. ಸವೆದ ರಿಂಗುಗಳ ಸಂದನ್ನು ಎಣ್ಣೆ ತಾತ್ಕಾಲಿಕವಾಗಿ ಮುಚ್ಚುವುದರಿಂದ ಒತ್ತಡ ಏರಿದರೆ ದೋಷ ರಿಂಗಿನದೆಂದೂ, ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟಿನದೆಂದೂ ಊಹಿಸಬಹುದು. ನಮ್ಮ ಮುಳ್ಳು ಏರಿತು. ನಾನು ಗಂಭೀರನಾಗಿ, "ರಿಂಗು ಸವೆದಿದೆ, ಸಿಲಿಂಡರೂ ಕೆಟ್ಟಿರಬಹುದು. ಅಂಗಡಿಯವರು ಹೇಳಿದ್ದೇ ಸರಿ" ಎಂದುಬಿಟ್ಟೆ. ಆ ತಂದೆ, "ಮಾಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ" ಎಂದು ಎಂಜಿನನ್ನು ಎತ್ತಿಕೊಳ್ಳಲು ಬಗ್ಗಿದರು.

ನಾನು ಮಾಡಿದ ತಪ್ಪುಗಳನ್ನು ಎಣಿಸುತ್ತೇನೆ, ಮಕ್ಕಳು ಗಮನವಿಟ್ಟು ಕೇಳಬೇಕು. ಕೈಯಿಂದ ಎಳೆದು ಹಿಡಿಸುವ ಈ ಬಗೆಯ ಅನೇಕ ಎಂಜಿನುಗಳಲ್ಲಿ, ಹುಲ್ಲು ಕತ್ತರಿಸುವ ಟ್ರ್ಯಾಕ್ಟರುಗಳ ಎಂಜಿನುಗಳಲ್ಲಿಯೂ, ಎಳೆತ ಹಗುರಾಗಲೆಂದು ಒಂದು ಉಪಾಯವನ್ನು ಮಾಡಿರುತ್ತಾರೆ. ನಿಧಾನವಾಗಿ ತಿರುಗುವಾಗ ಒಂದು ವಾಲ್ವನ್ನು ತುಸುವೇ ಎತ್ತಿಹಿಡಿದು ಸ್ವಲ್ಪ ಗಾಳಿಯನ್ನು ಬೇಕೆಂದೇ ಬಿಡುವ ಪುಟ್ಟ ಸಾಧನವದು. ವೇಗ ಬಂದೊಡನೆ ಅದು ತಾನೇ ಹಿಂದೆ ಸರಿಯುತ್ತದೆ. ಆದುದರಿಂದ ಇಂತಹ ಎಂಜಿನಿನಲ್ಲಿ ಗೇಜಿನ ಅಂಕಿ ಸಹಜವಾಗಿಯೇ ಕಡಮೆ. ಅದನ್ನು ಮೋಟಾರು ಸೈಕಲ್ಲಿಗೆ ಹೋಲಿಸಿದುದು ನನ್ನ ಮೊದಲನೆಯ ತಪ್ಪು. ಎಣ್ಣೆಯನ್ನು ಒಂದು ಚಹಾ ಚಮಚದಷ್ಟು ಬಿಡಬೇಕಾದಲ್ಲಿ ನಾನು ಧಾರಾಳವಾಗಿ ಸುರಿದಿದ್ದೆ. ಮೇಲೆ ಉಳಿಯುವ ಜಾಗವೇ 23 ಘನ ಸೆಂಟಿಮೀಟರು. ಅದರಲ್ಲಿ ಹತ್ತನ್ನು ಎಣ್ಣೆಯೇ ತುಂಬಿಕೊಂಡರೆ, ರಿಂಗು ಹೇಗಿದ್ದರೂ ಒತ್ತಡ ಏರದೆ ಏನಾದೀತು? ಇದು ಎರಡನೆಯ ತಪ್ಪು. ಮೂರನೆಯದನ್ನು ತೋರಿಸಿದವಳು ಆ ಹುಡುಗಿ.

ಅವಳು ತಂದೆಯ ಹಿಂದೆ ನಿಂತಿದ್ದವಳು ಮೆಲ್ಲನೆ, "ಸರ್, ಅದು ನಿಲ್ಲುವುದು ಬಿಸಿಯಾದಾಗ. ನಾವು ತಣ್ಣಗಿರುವಾಗ ನೋಡುತ್ತಾ ಇದ್ದೇವಲ್ಲ?" ಎಂದಳು.

ಅಂಗಡಿಯಲ್ಲಿ ಕ್ಷಣಕಾಲ ಯಾರೂ ಮಾತಾಡಲಿಲ್ಲ. ನನಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ದೋಷವು ಕಾಣಿಸಿಕೊಳ್ಳದ ಹೊತ್ತಿನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಆ ತಂದೆ ಮೊದಲ ಮಾತಿನಲ್ಲಿಯೇ ರೋಗದ ಹೊತ್ತನ್ನೂ ಗತಿಯನ್ನೂ ವಿವರಿಸಿದ್ದರು. ಪೇಟೆಯ ಅಂಗಡಿಯವರೂ ಕೇಳಲಿಲ್ಲ, ಓದಿದವನೆನಿಸಿಕೊಂಡ ನಾನೂ ಕೇಳಲಿಲ್ಲ.

ಮತ್ತೆ ಮೊದಲಿನಿಂದ ಪ್ರಾರಂಭಿಸಿದೆವು. ಸುರಿದ ಎಣ್ಣೆಯನ್ನು ಹೊರತೆಗೆದು, ಪ್ಲಗ್ಗನ್ನು ಒರಸಿ ಹಾಕಿ, ಎಂಜಿನನ್ನು ಅಂಗಡಿಯ ಹೊರಗೆ ಬಯಲಿನಲ್ಲಿ ಓಡಿಸಿದೆವು. ಹತ್ತು ನಿಮಿಷ ತುಂಬುವಷ್ಟರಲ್ಲಿ ಅದು ತಗ್ಗಿ ನಿಂತುಹೋಯಿತು. ಬಿಸಿಯಾಗಿ ನಿಲ್ಲುವುದಕ್ಕೆ ಬೇರೆ ಕಾರಣಗಳೂ ಉಂಟು. ಕಿಡಿಯನ್ನು ಹುಟ್ಟಿಸುವ ಸುರುಳಿ ಬಿಸಿಯಲ್ಲಿ ಕೆಲಸ ಬಿಡಬಹುದು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿ ಪೆಟ್ರೋಲು ಇಳಿಯದಿರಬಹುದು. ನನ್ನ ಹಳೆಯ ವಿದ್ಯಾರ್ಥಿ ಮುಚ್ಚಳವನ್ನು ಸಡಿಲಿಸಿ ನೋಡಿದ, ಕಿಡಿಯನ್ನೂ ನೋಡಿದ. ಎರಡೂ ಸರಿಯಾಗಿದ್ದವು. ಆದರೆ ಹಗ್ಗದ ಎಳೆತ ಮಾತ್ರ ಮೊದಲಿಗಿಂತ ಹಗುರಾಗಿತ್ತು. ಒತ್ತಡವೇ ಹೋಗುತ್ತಿದೆ ಎಂಬುದು ಈಗ ಖಚಿತವಾಯಿತು.

ಯಾವ ಬಾಗಿಲಿನಿಂದ ಎಂಬುದನ್ನು ತಿಳಿಯಲು ಎಂಜಿನನ್ನು ಬಿಚ್ಚಬೇಕಾದುದಿಲ್ಲ, ಕಿವಿ ಸಾಕು. ಎರಡು ವಾಲ್ವುಗಳೂ ಮುಚ್ಚಿರಬೇಕಾದ ಸ್ಥಾನಕ್ಕೆ, ಎಂದರೆ ಸಂಪೀಡನದ ಹೊಡೆತದ ತುದಿಗೆ, ಪಿಸ್ಟನನ್ನು ತಂದು ನಿಲ್ಲಿಸಿ, ಪ್ಲಗ್ಗಿನ ತೂತಿಗೆ ಸರಿಹೊಂದುವ ಕೊಳವೆಯ ಮೂಲಕ, ಟೈರಿಗೆ ಗಾಳಿ ತುಂಬುವ ಯಂತ್ರದಿಂದ ಗಾಳಿಯನ್ನು ಬಿಡುತ್ತಾರೆ. ಕಾರ್ಬುರೇಟರಿನ ಬಾಯಲ್ಲಿ ಸುಯ್ಯೆಂದರೆ ಒಳವಾಲ್ವು. ಸೈಲೆನ್ಸರಿನಲ್ಲಿ ಸುಯ್ಯೆಂದರೆ ಹೊರವಾಲ್ವು. ಎಣ್ಣೆ ಹಾಕುವ ತೂತಿನಲ್ಲಿ ಜೋರಾಗಿ ಕೇಳಿಸಿದರೆ ರಿಂಗುಗಳು. ಸ್ವಲ್ಪ ಸದ್ದು ಅಲ್ಲಿ ಯಾವಾಗಲೂ ಇರುತ್ತದೆ, ಏಕೆಂದರೆ ಹೊಸ ರಿಂಗೂ ತುಸು ಗಾಳಿಯನ್ನು ಬಿಡುತ್ತದೆ. ಆದರೆ ವಾಲ್ವುಗಳನ್ನು ತಳ್ಳುವ ಕಡ್ಡಿಗಳು ಹಾಯುವ ಕೋಣೆಯ ಕಡೆಗೆ ಗ್ಯಾಸ್ಕೆಟ್ ಒಡೆದಿದ್ದರೂ ಸದ್ದು ಅದೇ ತೂತಿನಲ್ಲಿ ಬರುತ್ತದೆಂಬುದನ್ನು ಮರೆಯಬಾರದು. ಹೊರಗಡೆಗೆ ಒಡೆದಿದ್ದರೆ ಸಾಬೂನು ನೀರನ್ನು ಹಚ್ಚಿದಲ್ಲಿ ಗುಳ್ಳೆ ಏಳುತ್ತದೆ. ಪ್ಲಗ್ಗಿನ ಬುಡಕ್ಕೂ ಅದೇ ಪರೀಕ್ಷೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪಿಸ್ಟನಿನ ಅಗಲ 68 ಮಿಲಿಮೀಟರಾದರೆ ಅದರ ಮುಖ ಸುಮಾರು 36 ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡವೆಂದರೆ ಪಿಸ್ಟನಿನ ಮೇಲೆ 36 ಕಿಲೋ. 5 ಕಿಲೋ ಎಂದರೆ 180 ಕಿಲೋ. ಪಿಸ್ಟನ್ ತುದಿಯಿಂದ ಕೂದಲೆಳೆಯಷ್ಟು ಜಾರಿದರೂ ಚಕ್ರ ಫಕ್ಕನೆ ತಿರುಗಿ ಬೆರಳನ್ನು ಮುರಿಯಬಲ್ಲುದು. ಬಿಸಿ ಎಂಜಿನಿನ ಬಳಿ ಪೆಟ್ರೋಲು ಚೆಲ್ಲಿದರೆ ಬೆಂಕಿ. ಅಲ್ಯೂಮಿನಿಯಂ ತಲೆಯಿಂದ ಬಿಸಿಯಲ್ಲಿ ಪ್ಲಗ್ಗನ್ನು ಬಿಚ್ಚುವಾಗ ತಿರುಪಿನ ಗೆರೆಗಳು ಹಾಳಾಗುವ ಭಯವೂ ಉಂಟು. ಆದುದರಿಂದ ಬಿಚ್ಚಿದುದೂ ಗಾಳಿ ಬಿಟ್ಟುದೂ ಕೈ ಪಳಗಿದ ಆ ಯುವಕನೇ. ಕಡಮೆ ಒತ್ತಡದಿಂದ ಪ್ರಾರಂಭಿಸಿ ಚಕ್ರವನ್ನು ಭದ್ರವಾಗಿ ಬಂಧಿಸಿಯೇ ಆ ಕೆಲಸವನ್ನು ಮಾಡಿದ. ದೂರ ನಿಂತು ಕೇಳಿದವರು ನಾವು. ಮಕ್ಕಳು ಯಾರೂ ದೊಡ್ಡವರಿಲ್ಲದೆ ಇದಕ್ಕೆ ಕೈಹಾಕಕೂಡದು.

ಗಾಳಿಯನ್ನು ಬಿಟ್ಟೊಡನೆ ಸೈಲೆನ್ಸರಿನಿಂದ ಸ್ಪಷ್ಟವಾದ ಸುಯ್ಲು ಕೇಳಿಸಿತು. ಎಣ್ಣೆಯ ತೂತಿನಲ್ಲಿ ಹೇಳತಕ್ಕಷ್ಟು ಸದ್ದಿಲ್ಲ. ರಿಂಗು ನಿರಪರಾಧಿ; ನಾನು ಅದಕ್ಕೆ ಸುಮ್ಮನೆ ಶಿಕ್ಷೆ ವಿಧಿಸಿದ್ದೆ. ಎಂಜಿನು ಆರುತ್ತ ಬಂದಂತೆ ಆ ಸುಯ್ಲೂ ಕ್ಷೀಣವಾಯಿತು.

ಪೂರ್ತಿ ತಣ್ಣಗಾದ ಮೇಲೆ ವಾಲ್ವುಗಳ ಮೇಲಣ ಮುಚ್ಚಳವನ್ನು ತೆಗೆದೆವು. ವಾಲ್ವಿನ ಕಾಂಡದ ತುದಿಗೂ ಅದನ್ನು ಒತ್ತುವ ಸನ್ನೆಗೂ ನಡುವೆ ಸಣ್ಣದೊಂದು ಅಂತರವಿರಬೇಕು. ಆ ಎಂಜಿನಿನ ಕೈಪಿಡಿ ಹೇಳಿದುದು ಒಳವಾಲ್ವಿಗೆ 0.15 ಮಿಲಿಮೀಟರು, ಹೊರವಾಲ್ವಿಗೆ 0.20. ತಮ್ಮ ನೋಟುಬುಕ್ಕಿನ ಒಂದು ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರು, ಎಂದರೆ ಎರಡು ಹಾಳೆಗಳಷ್ಟು ಅಂತರ. ಏಕೆ ಬೇಕು? ಲೋಹ ಬಿಸಿಯಾದರೆ ಹಿಗ್ಗುತ್ತದೆಂಬುದು ತಮ್ಮ ವಿಜ್ಞಾನ ಪಾಠದ ಮೊದಲ ಅಧ್ಯಾಯಗಳಲ್ಲಿಯೇ ಉಂಟು. ಉರಿಹೊಗೆ ಹಾಯುವ ಹೊರವಾಲ್ವಿನ ಕಾಂಡ ಹೆಚ್ಚು ಹಿಗ್ಗುತ್ತದೆ. ಹಿಗ್ಗುವುದಕ್ಕೆ ಎಡೆ ಬೇಕು. ಈ ಎಂಜಿನಿನಲ್ಲಿ ಒಳವಾಲ್ವಿನ ಎಡೆ ಸರಿಯಾಗಿತ್ತು. ಹೊರವಾಲ್ವಿನಲ್ಲಿ 0.05 ಮಿಲಿಮೀಟರಿನ ಅತಿ ತೆಳ್ಳನೆಯ ತಗಡೂ ನುಸುಳಲಿಲ್ಲ. ತಣ್ಣಗಿರುವಾಗ ವಾಲ್ವು ಹೇಗೋ ಮುಚ್ಚುತ್ತಿತ್ತು. ಬಿಸಿಯೇರಿ ಕಾಂಡ ಉದ್ದವಾದಾಗ ಸನ್ನೆಗೆ ತಾಗಿ, ತನ್ನ ಪೀಠದಲ್ಲಿ ಪೂರ್ತಿ ಕೂರದೆ, ತೆರೆದೇ ಉಳಿಯುತ್ತಿತ್ತು.

ಸವೆತದಿಂದ ಅಂತರ ಹೆಚ್ಚಾಗಬೇಕಲ್ಲವೆ, ಕಡಮೆಯಾದುದೇಕೆ ಎಂದು ತಾವು ಕೇಳಬಹುದು, ನಾನೂ ಕೇಳಿದೆ. ವಾಲ್ವೂ ಅದರ ಪೀಠವೂ ವರ್ಷಗಟ್ಟಲೆ ಬಡಿದುಕೊಂಡು ಸವೆದಾಗ ವಾಲ್ವು ಪೀಠದೊಳಕ್ಕೆ ಹೂತುಕೊಳ್ಳುತ್ತದೆ. ತಲೆ ಎಷ್ಟು ಹೂತಿತೋ ಅಷ್ಟು ಕಾಂಡದ ತುದಿ ಸನ್ನೆಯ ಕಡೆಗೆ ಏರುತ್ತದೆ. ಹೀಗೆ ಒಂದೆಡೆಯ ಸವೆತ ಇನ್ನೊಂದೆಡೆಯ ಎಡೆಯನ್ನು ನುಂಗುತ್ತದೆ.

ಎಡೆಯನ್ನು ಸರಿಪಡಿಸಿದುದಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಸೋರುತ್ತಿದ್ದ ಬಿಸಿಹೊಗೆಯಿಂದ ವಾಲ್ವಿನ ಅಂಚು ಸ್ವಲ್ಪ ಸುಟ್ಟಿತ್ತು. ಎಂಜಿನಿನ ತಲೆಯನ್ನು ಬಿಚ್ಚಿ, ವಾಲ್ವನ್ನು ಅರೆಯುವ ಪೇಸ್ಟಿನಿಂದ ಪೀಠಕ್ಕೆ ಸರಿಯಾಗಿ ಹೊಂದುವಂತೆ ಅರೆದು, ಪೇಸ್ಟಿನ ಕಣವೂ ಉಳಿಯದಂತೆ ತೊಳೆದು, ಹೊಸ ಗ್ಯಾಸ್ಕೆಟನ್ನು ಹಾಕಿ, ಎಡೆಯನ್ನು ಮತ್ತೆ ಅಳೆದು ಕೂರಿಸಿದರು. ಮರುದಿನ ಎಂಜಿನು ಅರ್ಧ ಗಂಟೆ ನಿಲ್ಲದೆ ಓಡಿತು. ಖರ್ಚಾದುದು ಗ್ಯಾಸ್ಕೆಟ್, ಪೇಸ್ಟು ಮತ್ತು ಒಂದು ದಿನದ ಕೂಲಿ. ಆ ಹಳೆಯ ವಿದ್ಯಾರ್ಥಿ ಕೂಲಿಯನ್ನೂ ಅರ್ಧದಷ್ಟೇ ತೆಗೆದುಕೊಂಡ. ಮಳೆ ಬರುವ ಎರಡು ದಿನ ಮುಂಚೆ ಅವರ ತೋಟಕ್ಕೆ ಮದ್ದು ಬಿಟ್ಟಾಯಿತು. ಕೂಡಿಟ್ಟ ಹಣ ಕಾಲೇಜಿನ ಶುಲ್ಕಕ್ಕೇ ಸಂದಿತು.

ಎಲ್ಲ ಎಂಜಿನುಗಳೂ ಹೀಗೆ ಅಗ್ಗದಲ್ಲಿ ಬದುಕುತ್ತವೆಂದು ನಾನು ಹೇಳುವುದಿಲ್ಲ. ಗಾಳಿ ನಿಜವಾಗಿಯೂ ರಿಂಗಿನ ಕಡೆಯಿಂದ ಹೋಗುತ್ತಿದ್ದು, ನೀಲಿ ಹೊಗೆ ಬರುತ್ತ, ಎಣ್ಣೆ ಬೇಗ ಬೇಗ ಖಾಲಿಯಾಗುತ್ತಿದ್ದರೆ ಸಿಲಿಂಡರು ಸವೆದಿರುವ ಸಂಭವ ಹೆಚ್ಚು. ಆಗ ಹೊಸದನ್ನು ಕೊಳ್ಳುವುದೇ ವಿವೇಕವಾಗಬಹುದು. ಆದರೆ ಆ ತೀರ್ಪು ಪರೀಕ್ಷೆಯ ಬಳಿಕ ಬರಬೇಕೇ ಹೊರತು ಮುಂಚೆಯಲ್ಲ. ಪೋಷಕರು ಇಷ್ಟನ್ನು ನೆನಪಿಟ್ಟರೆ ಸಾಕು: "ಕಂಪ್ರೆಶನ್ ಇಲ್ಲ" ಎಂದು ಯಾರಾದರೂ ಹೇಳಿದಾಗ, "ಎಲ್ಲಿಂದ ಹೋಗುತ್ತದೆ, ಹೇಗೆ ತಿಳಿಯಿತು?" ಎಂದು ವಿನಯದಿಂದಲೇ ಕೇಳಿ. ಬಲ್ಲವನು ತೋರಿಸುತ್ತಾನೆ. ಮೊದಲ ದಿನ ನಾನು ಕುಳಿತಿದ್ದ ಜಾಗದಲ್ಲಿ ಕುಳಿತವನು ತಡವರಿಸುತ್ತಾನೆ.

ಅಂದು ಮನೆಗೆ ಮರಳುವಾಗ ನನ್ನ ಮನಸ್ಸಿನಲ್ಲಿ ಎಂಜಿನಿಗಿಂತ ಹೆಚ್ಚಾಗಿ ನಮ್ಮ ಅಂಕಪಟ್ಟಿಗಳಿದ್ದವು. "ಈ ಹುಡುಗನಿಗೆ ಗಣಿತ ತಲೆಗೆ ಹತ್ತುವುದಿಲ್ಲ" ಎಂದು ನಾವು ಅಧ್ಯಾಪಕರು ಎಷ್ಟು ಸುಲಭವಾಗಿ ಬರೆಯುತ್ತೇವೆ! ಅದೂ ಲಕ್ಷಣವೇ ಹೊರತು ಕಾರಣವಲ್ಲ. ಹಲಗೆಯ ಮೇಲಣ ಅಕ್ಷರ ಅವನಿಗೆ ಕಾಣಿಸದೆ ಇರಬಹುದು. ಭಾಗಾಕಾರ ಕಲಿಸಿದ ವಾರ ಅವನು ಜ್ವರದಿಂದ ಮಲಗಿದ್ದಿರಬಹುದು. ರಾತ್ರಿ ಅಡಕೆ ಸುಲಿಯುವ ಕೆಲಸದಲ್ಲಿ ನಿದ್ದೆಗೆಟ್ಟಿರಬಹುದು. ತಾಯಿತಂದೆಯರು ಬಂದು, "ಬೆಳಿಗ್ಗೆ ಚೆನ್ನಾಗಿ ಓದುತ್ತಾನೆ, ಸಂಜೆ ಆಗುವುದಿಲ್ಲ" ಎಂದರೆ ಅದರಲ್ಲಿಯೇ ಅರ್ಧ ಉತ್ತರವಿರುತ್ತದೆ. ಈ ವರ್ಷದಿಂದ ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಆ ಮಾತನ್ನು ಕೇಳುವುದೆಂದು ನಾನು ನಿಶ್ಚಯಿಸಿದ್ದೇನೆ. ನಾನು ಮರೆತರೆ ನೆನಪಿಸುವ ಹಕ್ಕು ತಮಗೆ ಇದೆ.

ಕನ್ನಡದಲ್ಲಿ ಓದಿದರೆ ವಿಜ್ಞಾನ ಬಂದೀತೆ ಎಂದು ನಮ್ಮ ಗಡಿನಾಡಿನ ಪೋಷಕರಲ್ಲಿ ಕೆಲವರು ಶಂಕಿಸುವುದುಂಟು. ಅಂದು ಆ ಕೆಲಸದಂಗಡಿಯಲ್ಲಿ ರೋಗದ ವಿವರ ಬಂದುದು ಕನ್ನಡದಲ್ಲಿ. ತಪ್ಪು ತೀರ್ಪು ಬಂದುದೂ ಕನ್ನಡದಲ್ಲಿಯೇ, ಅದು ನನ್ನದು. ಅದನ್ನು ತಿದ್ದಿದ ಪ್ರಶ್ನೆಯೂ ಕನ್ನಡದ್ದೇ. ಭಾಷೆ ಅಡ್ಡಬರಲಿಲ್ಲ, ಅಡ್ಡಬಂದುದು ನನ್ನ ಅವಸರ. ವಿದ್ಯಾರ್ಥಿಗಳೆ, ಹಿರಿಯರ ಎದುರಿನಲ್ಲಿ ವಿನಯವಿರಲಿ. ಆದರೆ ಕಂಡುದನ್ನು ಕೇಳದೆ ನುಂಗಿಕೊಳ್ಳಬೇಡಿ. ಆ ಹುಡುಗಿ ಅಂದು ಸುಮ್ಮನಿದ್ದಿದ್ದರೆ ಅವಳ ಅಣ್ಣ ಈಗ ಕಾಲೇಜಿನಲ್ಲಿರುತ್ತಿರಲಿಲ್ಲ.